ಜೋಡಿಮನೆಯ ಆಚೆಯ ಅರ್ಧ

ಕೆಲ್ ರಡಕ್‌ಗೆ ಮೊದಲು ಏಳುವುದು ಕೈ, ಮಾತು ಆಮೇಲೆ. ಕರ್ವಿನ್ ಪಾರ್ಕಿನಲ್ಲಿ ಯಾರೂ ಇದನ್ನು ದೂರಾಗಿ ಹೇಳುವುದಿಲ್ಲ, ಗುರುತಾಗಿ ಹೇಳುತ್ತಾರೆ. ಹ್ಯಾರೋ ಬೀದಿಗೆ ಬಂದು ಕೆಲ್ ಮನೆ ಯಾವುದು ಎಂದು ಕೇಳಿ ನೋಡಿ. ‘ಹಲ್ಲು ಉದುರಿಸ್ತಾನಲ್ಲ, ಆ ಕೆಲ್ಲಾ? ಅದೋ, ಜೋಡಿಮನೆ, ಎಡಗಡೇದು’ ಅನ್ನುತ್ತಾರೆ.

ಜೋಡಿಮನೆ ಎಂದರೆ ಒಂದೇ ಸೂರು, ನಡುವೆ ಒಂದು ಗೋಡೆ, ಎರಡು ಸಂಸಾರ. ಅಡಿಲೇಡಿನ ಉತ್ತರಕ್ಕೆ ಕಾರು ಕಾರ್ಖಾನೆ ಬಂದಾಗ ಸರ್ಕಾರ ಸಾಲುಸಾಲಾಗಿ ಕಟ್ಟಿಸಿದ್ದು. ಈಚೆ ಮನೆಯಲ್ಲಿ ಕೆಮ್ಮಿದರೆ ಆಚೆ ಮನೆಯವರು ಎದ್ದು ನೀರು ಕುಡಿಯಬೇಕು, ಅಷ್ಟು ತೆಳು ಗೋಡೆ. ಲಿವರ್‌ಪೂಲಿನಿಂದ ಹಡಗು ಹತ್ತಿ ಬಂದ ಕೆಲ್‌ನ ಅಪ್ಪನಿಗೆ ಎಡಗಡೆಯ ಅರ್ಧ ಬಾಡಿಗೆಗೆ ಸಿಕ್ಕಿತ್ತು. ಕೆಲ್ ಹುಟ್ಟಿದ್ದು ಅಲ್ಲಿ, ಅಪ್ಪನ ಬೆಲ್ಟಿನ ರುಚಿ ಕಂಡಿದ್ದು ಅಲ್ಲಿ, ಹದಿನಾರಕ್ಕೆ ಅದೇ ಅಪ್ಪನನ್ನು ಅಡುಗೆಮನೆಯ ನೆಲಕ್ಕೆ ಕೆಡವಿದ್ದೂ ಅಲ್ಲೇ. ಆಮೇಲೆ ಅಪ್ಪನಿದ್ದ ಕಾರ್ಖಾನೆಯಲ್ಲೇ ತಗಡು ಒತ್ತುವ ಕೆಲಸಕ್ಕೆ ಸೇರಿದ. ಎಡಗೈಯ ಎರಡು ಬೆರಳನ್ನು ಆ ಯಂತ್ರಕ್ಕೇ ಕೊಟ್ಟ. ಕಾರ್ಖಾನೆ ಬಾಗಿಲು ಹಾಕಿದಾಗ ಕೈಗೆ ಬಂದ ದುಡ್ಡಿನಲ್ಲಿ ಮನೆಯನ್ನು ತನ್ನದು ಮಾಡಿಕೊಂಡ.

ಹೆಂಡತಿ ವೆಂಡಿ ಅದಕ್ಕೂ ಮೊದಲೇ ಕ್ವೀನ್ಸ್‌ಲ್ಯಾಂಡಿನ ಬಸ್ಸು ಹತ್ತಿಯಾಗಿತ್ತು. ಅವಳ ಮೈಮೇಲೆ ಕೆಲ್ ಒಂದು ದಿನವೂ ಕೈ ಮಾಡಿದವನಲ್ಲ. ಬಾಗಿಲಿಗೆ ಹೊಡೆಯುತ್ತಿದ್ದ, ಫ್ರಿಜ್ಜಿಗೆ ಹೊಡೆಯುತ್ತಿದ್ದ, ಅವಳ ತಲೆಯ ಪಕ್ಕದ ಗೋಡೆಗೆ ಹೊಡೆಯುತ್ತಿದ್ದ. ‘ನಿನ್ ಮೈ ಮುಟ್ಟಿದೀನೇನೇ? ಹೇಳು, ಮುಟ್ಟಿದೀನಾ?’ ಎಂದು ಕೇಳುತ್ತಿದ್ದ. ಅದೇ ಅವನ ಸಾಚಾತನ. ಇವತ್ತಿಗೂ ಎದೆ ತಟ್ಟಿಕೊಂಡು ಹೇಳುತ್ತಾನೆ, ಪುಣ್ಯಾತ್ಮ.

ಅಂಥವನ ಮನೆಗೆ ಮಗಳು ಟೀಗನ್ ಬಂದಳು. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಮಾರ್ಲಿ. ಮುರಿದವನು ಬ್ರೋಡಿ, ಅವಳ ಜೊತೆ ಬಾಳುತ್ತಿದ್ದವನು. ಮರುದಿನ ಅವನೂ ಹುಡುಕಿಕೊಂಡು ಬಂದ. ಕೆಲ್ ಕಾರಿನ ಚಕ್ರ ಬಿಚ್ಚುವ ಪಾನಾ ಹಿಡಿದುಕೊಂಡೇ ಎದುರು ಹೋದ. ಮೊದಲ ಏಟು ಮಂಡಿಗೆ, ಎರಡನೆಯದು ಬಾಯಿಗೆ. ಬ್ರೋಡಿ ರಕ್ತ ಉಗುಳುತ್ತ ತೆವಳಿಕೊಂಡು ಕಾರು ಸೇರಿದ. ಬೀದಿಯವರು ಬೇಲಿಗೆ ಒರಗಿ ನೋಡಿದರು, ಪೊಲೀಸರು ಬಂದಾಗ ಒಬ್ಬನೂ ಏನೂ ಕಂಡಿರಲಿಲ್ಲ. ಆ ಎರಡು ಏಟಿಗಾಗಿ ನಾನೂ ಕೆಲ್‌ಗೆ ಏನೂ ಅನ್ನಲಾರೆ.

ಎರಡು ಕೋಣೆಯ ಮನೆಯಲ್ಲಿ ಮೂವರು. ಟೀಗನ್‌ಗೆ ವೃದ್ಧರ ಆರೈಕೆಯ ಕೆಲಸ, ಕೆಲವೊಮ್ಮೆ ಬೆಳಗಿನ ಪಾಳಿ, ಕೆಲವೊಮ್ಮೆ ಸಂಜೆಯದು. ಬಾಡಿಗೆ ಮನೆ ನೋಡಲು ಹೋದರೆ ಒಂದು ಮನೆಗೆ ಅರವತ್ತು ಜನರ ಸಾಲು. ಅಷ್ಟರಲ್ಲಿ ಜೋಡಿಮನೆಯ ಆಚೆಯ ಅರ್ಧದಲ್ಲಿದ್ದ ಕೋಪ್ ಅಜ್ಜಿ ತೀರಿಕೊಂಡಳು. ಪರ್ತಿನಲ್ಲಿದ್ದ ಮಗ ಮನೆ ಹರಾಜಿಗೆ ಹಾಕಿದ.

‘ಅಪ್ಪಾ, ಅದು ನಂಗೆ ಸಿಕ್ಕರೆ ಸಾಕು’ ಅಂದಳು ಟೀಗನ್. ‘ಮಾರ್ಲಿ ಈ ಕಡೆ ಬಾಗಿಲಿಂದ ಆ ಕಡೆ ಬಾಗಿಲಿಗೆ ಓಡಾಡ್ಕೊಂಡಿರ್ತಾಳೆ. ಬ್ಯಾಂಕಿನೋರು ಇಷ್ಟು ಅಂತ ಒಪ್ಪಿದಾರೆ. ಅದರ ಮೇಲೆ ಒಂದು ಕಾಸೂ ಹುಟ್ಟಲ್ಲ.’

‘ಸಿಗತ್ತೆ ಬಿಡು. ಬೇರೆ ಯಾರು ಬರ್ತಾರೋ ನಾನೂ ನೋಡ್ತೀನಿ’ ಎಂದ ಕೆಲ್.

ಮೊದಲಾಗಿದ್ದರೆ ಯಾರೂ ಬರುತ್ತಿರಲಿಲ್ಲ. ಕರ್ವಿನ್ ಪಾರ್ಕ್ ಎಂದರೆ ಪೇಟೆಯವರು ಮೂಗು ಮುರಿಯುತ್ತಿದ್ದ ಕಾಲ ಅದು. ಇಂಗ್ಲಿಷರು ಮುದುಕರಾದರು, ವಿಯೆಟ್ನಾಮಿನವರು ಬಂದು ತರಕಾರಿ ಬೆಳೆದು ಮಕ್ಕಳನ್ನು ಡಾಕ್ಟರು ಮಾಡಿ ಹೊರಟರು, ಆಮೇಲೆ ಬುರುಂಡಿಯವರು, ಭೂತಾನಿನಿಂದ ಓಡಿಸಲ್ಪಟ್ಟ ನೇಪಾಳಿಗಳು, ಆಫ್ಘಾನಿಸ್ತಾನದ ಹಜಾರರು. ಊರು ಮುಳುಗಿತು ಎಂದು ಪ್ರತಿ ಸಲವೂ ಬೊಬ್ಬೆ ಹೊಡೆದವರೇ ಮುಂದಿನ ವರ್ಷ ಅವರ ಅಂಗಡಿಯಲ್ಲಿ ರೊಟ್ಟಿ ಕೊಳ್ಳುತ್ತಿದ್ದರು. ಆದರೆ ಈಗ ಬರುತ್ತಿರುವ ಜಾತಿಯೇ ಬೇರೆ. ಸಿಡ್ನಿಯ ಪತ್ರಿಕೆಯಲ್ಲಿ ‘ಇನ್ನೂ ಅಗ್ಗವಾಗಿರುವ ಬಡಾವಣೆಗಳು’ ಎಂದು ಅಚ್ಚಾಯಿತು, ಅಲ್ಲಿಗೆ ನಮ್ಮ ಬೀದಿಯ ಗ್ರಹಚಾರ ಕೆಟ್ಟಿತು. ಊರಿಗೆ ಕಾಲಿಡದೆ, ಮನೆಯ ಬಾಗಿಲನ್ನೂ ನೋಡದೆ ಕೊಳ್ಳುತ್ತಾರೆ, ಬಾಡಿಗೆ ಏರಿಸುತ್ತಾರೆ, ಹಾಳಾಗಿಹೋಗಲಿ ಅವರು.

ನಮ್ಮವರು ಇದಕ್ಕೆ ಕಂಡುಕೊಂಡ ಮದ್ದು ಎಂಥದು ಗೊತ್ತೆ? ಶನಿವಾರ ಮನೆ ನೋಡಲು ಜನ ಬರುವ ಅರ್ಧ ಗಂಟೆ ಇಡೀ ಬೀದಿಯನ್ನು ನರಕ ಮಾಡಿ ತೋರಿಸುವುದು. ಬೇಲಿಗೆ ಹರಕು ಹಾಸಿಗೆ ಒರಗಿಸಿ, ನಾಯಿ ಬಿಟ್ಟು, ಟೈರು ಸುಟ್ಟು ಹೊಗೆ ಎಬ್ಬಿಸುವುದು. ಅವರು ಹೆದರಿ ಓಡುತ್ತಾರೆ, ಬೆಲೆ ಇಳಿಯುತ್ತದೆ, ಮನೆ ನಮ್ಮವರಿಗೇ ಸಿಗುತ್ತದೆ, ಇದು ಲೆಕ್ಕಾಚಾರ. ಇಂಥ ಬುದ್ಧಿ ಕರ್ವಿನ್ ಪಾರ್ಕಿನವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು!

ಕೆಲ್ ಎದುರು ಸಾಲಿನ ಡಗ್ಗಿಯನ್ನು ಕರೆದ. ಇಬ್ಬರೂ ಕಾರ್ಖಾನೆಯಲ್ಲಿ ಜೊತೆಗೆ ದುಡಿದವರು.

‘ಡಗ್ಗಿ, ಶನಿವಾರ ಅಜ್ಜಿ ಮನೆ ಮುಂದೆ ನಾವಿಬ್ರೂ ಹೊಡೆದಾಡ್ಬೇಕು.’

‘ಯಾಕೋ? ನಾನೇನೋ ಮಾಡ್ದೆ ನಿಂಗೆ?’

‘ಏನೂ ಮಾಡಿಲ್ಲ ಮಾರಾಯ. ನಾಟಕ. ಬಂದೋರು ಚಡ್ಡೀಲೇ ಮಾಡ್ಕೋಬೇಕು.’

‘ಬಿಯರ್ ಯಾರ್ದು?’

‘ನಂದೇ ಕಣೋ.’

‘ಹಂಗಾದ್ರೆ ಮೊದಲ್ನೇ ಏಟು ನಂದು.’

ಶನಿವಾರ ಡಗ್ಗಿ ಮೊದಲ ಏಟನ್ನು ಸ್ವಲ್ಪ ಮನಸ್ಸಿಟ್ಟೇ ಕೊಟ್ಟ. ಕೆಲ್‌ನ ತುಟಿ ಒಡೆಯಿತು. ಅಲ್ಲಿಗೆ ನಾಟಕ ಮುಗಿಯಿತು. ಕೆಲ್ ಅವನ ಮೂಗಿಗೆ ತಲೆಯಿಂದ ಗುದ್ದಿ, ಕೆಡವಿ, ಪಕ್ಕೆಗೆ ಒದ್ದ. ಮನೆ ನೋಡಲು ಬಿಳಿ ಬೂಟು ಹಾಕಿ ಬಂದಿದ್ದ ಗಂಡ ಹೆಂಡತಿ ಒಳಗೂ ಹೋಗದೆ ಕಾರು ಹತ್ತಿದರು. ‘ಸಾಕೋ, ಹೋದ್ರು ಕಣೋ, ಹೋದ್ರು!’ ಎಂದು ಡಗ್ಗಿ ನೆಲದ ಮೇಲಿಂದ ಕಿರುಚುತ್ತಿದ್ದ. ಕೆಲ್‌ಗೆ ಅದು ಕೇಳಿಸಲು ಇನ್ನೂ ಎರಡು ಒದೆತ ಬೇಕಾಯಿತು. ಆಮೇಲೆ ಇಬ್ಬರೂ ಮೂಗಿಗೆ ಬಟ್ಟೆ ಒತ್ತಿಕೊಂಡು ಬಿಯರ್ ಕುಡಿದು ನಕ್ಕರು.

ಎದುರು ಮನೆಯ ಯೂಫ್ರಾಸಿ ಬಟ್ಟೆ ಒಣಹಾಕುತ್ತ ಎಲ್ಲವನ್ನೂ ನೋಡಿದಳು. ಬುರುಂಡಿಯ ಕಗ್ಗೊಲೆಗಳನ್ನು ದಾಟಿ ಬಂದವಳು, ಯಾರಿಗೂ ಸೊಪ್ಪು ಹಾಕುವವಳಲ್ಲ. ‘ಏನಪ್ಪಾ ಕೆಲ್, ನನ್ ಮನೆ ಬೆಲೇನೂ ಇಳಿಸ್ತಿದೀಯಲ್ಲ!’ ಎಂದು ಕೂಗಿದಳು. ‘ಇಂಥ ನಾಟಕ ನಮ್ಮೂರಲ್ಲೂ ಆಯ್ತು. ಶುರುವಾಗೋದು ನಾಟಕ ಅಂತ್ಲೇ ಕಣಪ್ಪ.’

ಹೆದರದೆ ಮತ್ತೆ ಮತ್ತೆ ಬಂದವನು ಒಬ್ಬನೇ, ಮುರ್ತಜಾ. ಹಜಾರರ ಪೈಕಿಯವನು, ಕಸಾಯಿಖಾನೆಯಲ್ಲಿ ಕೆಲಸ. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕೂರಿಸಿ ಬರುತ್ತಿದ್ದ. ನಾಯಿ ಬೊಗಳಿದರೆ ನಾಯಿಯನ್ನೇ ಮಾತಾಡಿಸುತ್ತಿದ್ದ. ಕಾಬೂಲು, ಕ್ವೆಟ್ಟಾ, ದೋಣಿ, ಜೈಲು ಎಲ್ಲ ದಾಟಿ ಬಂದವನಿಗೆ ಕೆಲ್‌ನ ಟೈರಿನ ಹೊಗೆ ಯಾವ ಲೆಕ್ಕ? ಹರಾಜಿಗೆ ಒಂದು ವಾರ ಇದೆ ಎನ್ನುವಾಗ ಅವನು ನೇರ ಕೆಲ್‌ನ ಗೇಟಿಗೇ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ರೊಟ್ಟಿ.

‘ತಗೊಳಿ ಅಣ್ಣ. ಮನೆ ಆಗತ್ತೋ ಇಲ್ವೋ, ಒಂದೇ ಗೋಡೆ ಅಲ್ವಾ, ಪರಿಚಯ ಇರ್ಲಿ ಅಂತ.’

‘ಯಾರೋ ನಿಂಗೆ ಅಣ್ಣ? ನಡಿ ಇಲ್ಲಿಂದ. ಇದು ನನ್ ಮಗಳ ಮನೆ.’

‘ಹಂಗಾ? ಗೊತ್ತಿರ್ಲಿಲ್ಲ. ಆದ್ರೆ ಹರಾಜು ಅಲ್ವಾ ಅಣ್ಣ, ಯಾರಿಗೆ—’

ಮಾತು ಮುಗಿಯಲಿಲ್ಲ. ಕೆಲ್‌ನ ಬಲಗೈ ಅವನ ದವಡೆಗೆ ಬಿತ್ತು. ಕಟ್ ಎಂದ ಸದ್ದು ಯೂಫ್ರಾಸಿಯ ಮನೆಯವರೆಗೂ ಕೇಳಿಸಿತಂತೆ. ಮುರ್ತಜಾ ಅಂಚೆ ಡಬ್ಬಿಯ ಮೇಲೆ ಬಿದ್ದ, ಡಬ್ಬಿ ಸಮೇತ ನೆಲಕ್ಕೆ ಬಿದ್ದ. ಕೆಲ್ ಅಂಗಿ ಹಿಡಿದೆತ್ತಿ ಇನ್ನೊಂದು ಕೊಟ್ಟ. ಕಾರಿನಲ್ಲಿದ್ದ ಹುಡುಗಿಯರು ಗಾಜು ಬಡಿಯುತ್ತ ಚೀರಿದರು. ಹೆಂಡತಿ ಓಡಿ ಬಂದು ಗಂಡನ ಮೇಲೆ ಅಡ್ಡ ಬಿದ್ದಳು. ಆಗ ನಿಂತಿತು ಅವನ ಕೈ.

ಕಿಟಕಿಯಲ್ಲಿ ಟೀಗನ್, ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತ ಮಾರ್ಲಿ.

‘ಆ ಮನುಷ್ಯ ರೊಟ್ಟಿ ತಂದಿದ್ದ ಅಪ್ಪಾ!’ ಎಂದು ಟೀಗನ್ ಕೂಗಾಡಿದಳು. ‘ರೊಟ್ಟಿ ತಂದಿದ್ದ!’

‘ನಿಂಗೋಸ್ಕರ ಕಣೇ ಮಾಡಿದ್ದು. ಇನ್ಯಾರಿಗೋಸ್ಕರ?’

‘ಬ್ರೋಡೀನೂ ಇದೇ ಹೇಳ್ತಿದ್ದ. ನಿಂಗೋಸ್ಕರ, ನಿಂಗೋಸ್ಕರ ಅಂತ.’

‘ಆ ನಾಯಿಗೆ ನನ್ನ ಹೋಲಿಸ್ತೀಯಾ?’ ಕೆಲ್ ಬಾಗಿಲಿಗೆ ಗುದ್ದಿದ. ಮುಷ್ಟಿ ಹಲಗೆಯ ಆಚೆ ಹೊರಟಿತು. ಮಾರ್ಲಿ ಮೇಜಿನ ಕೆಳಗೆ ಹೋಗಿ ಕೂತಳು, ಊಟಕ್ಕೆ ಕರೆದರೂ ಬರಲಿಲ್ಲ.

ಮುರ್ತಜಾ ದೂರು ಕೊಡಲಿಲ್ಲ. ದವಡೆಗೆ ತಂತಿ ಕಟ್ಟಿಸಿಕೊಂಡು ಬೇರೆ ಊರಿನಲ್ಲಿ ಮನೆ ಹುಡುಕುತ್ತಿದ್ದಾನೆ ಎಂದು ರೊಟ್ಟಿ ಅಂಗಡಿಯಲ್ಲಿ ಹೇಳಿದರು. ಟೀಗನ್ ಆ ವಾರವೆಲ್ಲ ಅಪ್ಪನೊಂದಿಗೆ ಮಾತು ಬಿಟ್ಟಳು. ಹರಾಜಿನ ಬೆಳಿಗ್ಗೆ ಮಾತ್ರ ಬಾಯಿ ಬಿಟ್ಟಳು.

‘ಅಪ್ಪಾ, ಇವತ್ತೊಂದು ದಿನ ನಿನ್ ಕಾಲಿಗೆ ಬೀಳ್ತೀನಿ. ನಮ್ಮ ಬೇಲಿ ಒಳಗೇ ನಿಂತ್ಕೊ. ಮಾತಾಡ್ಬೇಡ, ಕೈ ಎತ್ಬೇಡ. ಈ ಮನೆ ನಂಗೆ ಬೇಕು.’

‘ಸರಿ ಕಣಮ್ಮ’ ಅಂದ ಕೆಲ್. ಮನಸಾರೆ ಅಂದಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಹರಾಜು ನಡೆದದ್ದು ಕೋಪ್ ಅಜ್ಜಿಯ ಮನೆಯ ಮುಂದಿನ ಹುಲ್ಲಿನ ಮೇಲೆ. ಬೀದಿಯೆಲ್ಲ ಮಡಿಸುವ ಕುರ್ಚಿ ತಂದು ಕೂತಿತ್ತು, ಕೊಳ್ಳಲು ಅಲ್ಲ, ನೋಡಲು. ಹೆಸರು ಬರೆಸಿ ನಂಬರಿನ ಚೀಟಿ ಹಿಡಿದು ನಿಂತವಳು, ಕಣ್ಣಿಗೆ ಕಂಡಂತೆ, ಟೀಗನ್ ಒಬ್ಬಳೇ. ಕೆಲ್ ಮೊಳಕಾಲೆತ್ತರದ ಬೇಲಿಯ ಹಿಂದೆ ಕೈಕಟ್ಟಿ ನಿಂತು ಡಗ್ಗಿಗೆ ಕಣ್ಣು ಹೊಡೆದ. ಹೆದರಿಸಿ ಓಡಿಸಿದ್ದು ಫಲಿಸಿತು ಎಂದು ಅವನ ಮುಖದ ಮೇಲೇ ಬರೆದಿತ್ತು.

ನೀಲಿ ಸೂಟಿನ ಹರಾಜುಗಾರ ಶುರು ಮಾಡಿದ. ಟೀಗನ್ ಚೀಟಿ ಎತ್ತಿದಳು. ಮೆಟ್ಟಿಲ ಬಳಿ ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದ ಹುಡುಗಿಯೂ ಒಂದು ಚೀಟಿ ಎತ್ತಿದಳು. ಅವಳು ಬಿನಿತಾ, ಹಿಂದಿನ ಬೀದಿಯ ನೇಪಾಳಿಗಳ ಮಗಳು, ಮನೆ ಮಾರಿಸುವ ಏಜೆಂಟನ ಕಚೇರಿಗೆ ಹೊಸದಾಗಿ ಸೇರಿದವಳು.

‘ಅವಳು ಯಾರ ಪರ?’ ಎಂದ ಕೆಲ್.

‘ಸಿಡ್ನಿಯೋನಂತೆ. ಫೋನಲ್ಲೇ ಕೂಗ್ತಾನಂತೆ’ ಅಂದ ಡಗ್ಗಿ.

ಟೀಗನ್ ಏರಿಸಿದಳು, ಫೋನು ಏರಿಸಿತು. ಮತ್ತೆ ಅವಳು, ಮತ್ತೆ ಫೋನು. ಕೆಲ್‌ನ ಮೈ ಕುದಿಯತೊಡಗಿತು. ಗುದ್ದೋಣ ಎಂದರೆ ಎದುರಿಗೆ ಮುಖವಿಲ್ಲ, ದವಡೆಯಿಲ್ಲ. ಆ ಸಿಡ್ನಿಯವನು ಹರಕು ಹಾಸಿಗೆಯನ್ನೂ ನೋಡಿಲ್ಲ, ಟೈರಿನ ಹೊಗೆಯನ್ನೂ ಕುಡಿದಿಲ್ಲ. ಇಷ್ಟು ದಿನದ ನರಕವೆಲ್ಲ ಅಲ್ಲೇ ಬದುಕುವ ನಮಗೆ ತೋರಿಸಿದ ಹಾಗಾಯಿತು.

ಟೀಗನ್ ತನ್ನ ಕೊನೆಯ ಮೊತ್ತ ಹೇಳಿದಳು. ಅಲ್ಲಿಂದ ಮೇಲೆ ಅವಳ ಹತ್ತಿರ ಬಿಡಿಗಾಸಿಲ್ಲ ಎಂದು ಕೆಲ್‌ಗೆ ಗೊತ್ತು.

‘ಒಂದನೇ ಸಲ’ ಎಂದ ಹರಾಜುಗಾರ. ಬಿನಿತಾ ಫೋನಿಗೆ ಕಿವಿಗೊಟ್ಟಿದ್ದಳು. ‘ಎರಡನೇ ಸಲ.’ ಬಿನಿತಾ ತಲೆಯಾಡಿಸಿ ಕೈ ಎತ್ತಿದಳು.

ಕೆಲ್ ಬೇಲಿ ಹಾರಿದ. ‘ಅಪ್ಪಾ, ಬೇಡ!’ ಎಂದು ಟೀಗನ್ ಕಿರುಚುವಷ್ಟರಲ್ಲಿ ಹುಲ್ಲು ದಾಟಿದ್ದ. ಫೋನು ಕಿತ್ತುಕೊಳ್ಳುವ ರಭಸಕ್ಕೆ ಅವನ ಮೊಣಕೈ ಹುಡುಗಿಯ ಬಾಯಿಗೆ ಬಡಿಯಿತು. ಅವಳು ಮೆಟ್ಟಿಲಿನ ಅಂಚಿಗೆ ಬಿದ್ದಳು. ಕೆಲ್ ಫೋನನ್ನು ಸಿಮೆಂಟಿಗೆ ಎಸೆದು ಬೂಟಿನಿಂದ ಮೆಟ್ಟಿದ. ಪುಡಿಯಾದ ಮೇಲೂ ಮೆಟ್ಟಿದ. ‘ಬಾರೋ ಈಗ! ಬಾರೋ ಸಿಡ್ನಿ! ಕೂಗೋ ಈಗ!’

ಯೂಫ್ರಾಸಿ ಕುರ್ಚಿ ಬೀಳಿಸಿಕೊಂಡು ಓಡಿಬಂದು ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮುಂದಿನ ಹಲ್ಲು ಮುರಿದಿತ್ತು, ಬಿಳಿ ಅಂಗಿಯೆಲ್ಲ ರಕ್ತ.

‘ಅವ್ರು ಸಾಕು ಅಂದ್ರು’ ಎಂದಳು ಬಿನಿತಾ. ಮಾತು ತೊದಲುತ್ತಿತ್ತು. ‘ಇಷ್ಟಕ್ಕೆ ನಂಗೆ ಬೇಡ ಅಂದ್ರು. ಇಲ್ಲ ಅಂತ ಹೇಳಕ್ಕೇ ಕೈ ಎತ್ತಿದೆ ಅಂಕಲ್.’

ಟೀಗನ್ ಕೈಯಲ್ಲಿ ನಂಬರಿನ ಚೀಟಿ ಇನ್ನೂ ಹಾಗೇ ಇತ್ತು. ‘ಸಾರ್, ಎರಡು ಸಲ ಕೂಗಿದ್ರಿ’ ಎಂದು ಹರಾಜುಗಾರನ ಸೂಟು ಹಿಡಿದುಕೊಂಡಳು. ‘ಇನ್ನೊಂದೇ ಸಲ ಸಾರ್. ದಮ್ಮಯ್ಯ, ಇನ್ನೊಂದು ಸಲ ಕೂಗಿ.’

ಅವನು ಅವಳ ಬೆರಳು ಬಿಡಿಸಿದ. ‘ಹರಾಜು ನಿಲ್ಸಿದೀನಿ ಮೇಡಮ್. ಯಾರಾದ್ರೂ ಆಂಬುಲೆನ್ಸ್ ಕರೀರಿ.’

ಪೊಲೀಸರು ಕೆಲ್‌ನನ್ನು ಕಾರಿಗೆ ಒತ್ತಿ ಕೈಗೆ ಕೋಳ ಹಾಕಿದರು. ಅವನು ಅವರಲ್ಲೊಬ್ಬನ ಮೊಣಕಾಲಿಗೆ ಒದ್ದ, ಅವರು ಅವನ ಮುಖವನ್ನು ಕಾರಿನ ಬಾನೆಟ್ಟಿಗೆ ಕುಕ್ಕಿದರು. ಸೋಮವಾರ ಕೋಪ್ ಅಜ್ಜಿಯ ಮಗ ಪರ್ತಿನಿಂದ ಟೀಗನ್‌ಗೆ ಫೋನಿನಲ್ಲಿ ಹೇಳಿದ: ‘ನಮ್ಮಮ್ಮನ ಅಂಗಳದಲ್ಲಿ ಹುಡುಗಿ ಹಲ್ಲು ಮುರಿದೋನ ಮನೆಯವ್ರಿಗೆ ಮನೇನಾ? ಕೊಡಲ್ಲ ಕಣಮ್ಮ.’ ಅದೇ ಸಿಡ್ನಿಯವನಿಗೆ ಟೀಗನ್ ಕೂಗಿದ್ದಕ್ಕಿಂತ ಕಡಿಮೆಗೆ ಕೊಟ್ಟ. ಹೊಟ್ಟೆ ಉರಿಯುತ್ತದೆ ನನಗೆ, ಹೇಳುವಾಗಲೂ.

ಜಾಮೀನು ಸಿಕ್ಕಿ ಕೆಲ್ ಮನೆಗೆ ಬಂದಾಗ ಗೇಟಿನ ಮುಂದೆ ಒಂದು ವ್ಯಾನು ನಿಂತಿತ್ತು. ಗೊತ್ತಿಲ್ಲದ ಹೆಂಗಸೊಬ್ಬಳು ಮಾರ್ಲಿಯ ಪುಟ್ಟ ಮಂಚವನ್ನು ಬಿಚ್ಚಿ ಒಳಗೆ ಜೋಡಿಸುತ್ತಿದ್ದಳು. ಏಟು ತಿಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಯ ಹೆಸರು ಅವಳ ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ಮೇಲಿತ್ತು.

‘ಟೀಗನ್ ಎಲ್ಲಿ?’

‘ಹೇಳೋ ಹಾಗಿಲ್ಲ ಸಾರ್.’

‘ಒಳ್ಳೇದೇ. ಆ ಬ್ರೋಡಿ ನನ್ಮಗ ಬಂದು ಕಾಲಿಗೆ ಬಿದ್ರೂ ಹೇಳ್ಬೇಡಿ. ನಾನು ಅವಳಪ್ಪ. ನಂಗೆ ಹೇಳಿ, ಈ ಮಂಚ ನಾನೇ ತಂದುಕೊಡ್ತೀನಿ.’

ಹೆಂಗಸು ಮಂಚದ ಕಾಲೊಂದನ್ನು ಎತ್ತಿ ಒಳಗಿಟ್ಟಳು. ಕೆಲ್ ವ್ಯಾನಿನ ಬಾಗಿಲಿಗೆ ಮುಷ್ಟಿಯಿಂದ ಒಂದು ಬಾರಿಸಿದ. ‘ಅಪ್ಪ ಅಂತಿದೀನಲ್ಲ, ಕೇಳಿಸ್ತಿಲ್ವಾ? ಅವಳ ಮೈ ಮುಟ್ಟಿದೀನಾ ನಾನು ಒಂದು ದಿನ? ಕೇಳಿ ಅವಳನ್ನೇ!’

ಅವಳು ಎರಡು ಹೆಜ್ಜೆ ಹಿಂದೆ ಸರಿದು, ವ್ಯಾನಿನ ಬೀಗದ ಕೈಯನ್ನು ಬೆರಳ ಸಂದಿಯಲ್ಲಿ ಚೂಪಾಗಿ ಹಿಡಿದುಕೊಂಡಳು. ಅವಳ ಕಣ್ಣು ಅವನ ಮುಷ್ಟಿಯ ಮೇಲೇ ಇತ್ತು.

‘ಕೇಳಿದ್ವಿ ಸಾರ್’ ಅಂದಳು. ‘ವಿಳಾಸ ಯಾರಿಗೆ ಕೊಡಬಾರದು ಅಂತ ನಾವು ಎಲ್ರನ್ನೂ ಕೇಳ್ತೀವಿ. ಎರಡು ಹೆಸರು ಹೇಳಿದ್ಲು. ಮೊದಲು ನಿಮ್ದು. ಬ್ರೋಡೀದು ಆಮೇಲೆ.’