ಪಂದ್ಯಕ್ಕೊಂದು ಚೀಟಿ

ಫುಟ್‌ಬಾಲ್ ಟೂರ್ನಿ ಶುರುವಾಯಿತೆಂದರೆ ನಮ್ಮ ಟಪಾಲು ಗುಮಾಸ್ತರಿಗೆ ಊಟ ಸೇರುವುದಿಲ್ಲ. ಅವರು ಚೆಂಡು ಒದ್ದವರಲ್ಲ, ಆಟ ನೋಡುವವರೂ ಅಲ್ಲ. ಯಾರು ಗೆಲ್ಲುತ್ತಾರೆಂದು ಆಫೀಸಿನವರೆಲ್ಲ ಊಹಿಸಿ ಬರೆದುಕೊಡುವ ಚೀಟಿಗಳಿಗೆ ಅವರೇ ಕಾವಲು. ಕೊನೆಗೆ ಗೆದ್ದವರಿಗೆ ಸಿಗುವುದು ಒಂದು ತಿಂಗಳ ಮಟ್ಟಿಗೆ ಕಿಟಕಿ ಪಕ್ಕದ ಕುರ್ಚಿ, ಅಷ್ಟೆ. ಆದರೂ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಅರಗಿನ ಮುದ್ರೆ ಒತ್ತುತ್ತಾರೆ. ಮನೆಗೆ ಹೊರಟವರು ಅರ್ಧ ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಮುಚ್ಚಳ ಮುಟ್ಟಿ ನೋಡುತ್ತಾರೆ. “ನಾಳೆ ಯಾರಾದ್ರೂ ಒಂದು ಮಾತು ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ” ಎನ್ನುವುದು ದಿನವಿಡೀ ಇದ್ದದ್ದೇ. ಎಲ್ಲ ಪಂದ್ಯಗಳ ಊಹೆಯನ್ನೂ ಮೊದಲೇ ತೆಗೆದುಕೊಂಡುಬಿಟ್ಟರೆ ಈ ಪೀಕಲಾಟವೇ ಇಲ್ಲವಲ್ಲ ಎಂದು ಮ್ಯಾನೇಜರೇ ಹೇಳಿ ನೋಡಿದರು. ಜಪ್ಪಯ್ಯ ಎಂದರೂ ಗುಮಾಸ್ತರು ಒಪ್ಪಲಿಲ್ಲ. ಪಂದ್ಯಕ್ಕೊಂದು ಚೀಟಿ, ಅದೂ ಆಟದ ದಿನ ಬೆಳಿಗ್ಗೆಯೇ. ನಿನ್ನೆ, ಫೈನಲ್‌ನ ಹಿಂದಿನ ದಿನ, ಹೇಗಾದರೂ ಒಪ್ಪಿಸೋಣವೆಂದು ಚೀಟಿ ಹಿಡಿದು ಹೋದೆ. ಅವರು ಫೋನಿನಲ್ಲಿದ್ದರು. ಟೂರ್ನಿಗೂ ಮುಂಚಿನಿಂದ ಆಸ್ಪತ್ರೆಯಲ್ಲಿ ಮಲಗಿರುವ, ಈಗೀಗ ಯಾರೊಡನೆಯೂ ಮಾತು ಬೇಡವೆನ್ನುವ ನಮ್ಮ ಟೈಪಿಸ್ಟ್ ಅಕ್ಕನನ್ನು ಗದರಿಸುತ್ತಿದ್ದರು: “ಯಾರು ಗೆಲ್ತಾರೆ ಅಂತ ಇವತ್ತೇ ಹೇಳಿದ್ರೆ ತಗೊಳ್ಳಲ್ಲಕ್ಕ. ರೂಲ್ಸ್ ಅಂದ್ರೆ ರೂಲ್ಸ್. ಪ್ರತಿ ಪಂದ್ಯಕ್ಕೂ ಮಾಡೋ ಹಾಗೆ ನಾಳೆ ಬೆಳಿಗ್ಗೆ ಮಾಡ್ತೀನಿ, ನೀವೇ ಫೋನ್ ಎತ್ತಬೇಕು.” ಫೋನಿಟ್ಟವರು ನನ್ನ ಚೀಟಿಯನ್ನು ಬೇಡವೆನ್ನದೆ ತೆಗೆದುಕೊಂಡು, ಬಹಳ ಹೊತ್ತು ಮಡಚುತ್ತ ನಿಂತರು. “ಇದು ಮುಗಿದ ತಕ್ಷಣ ಇನ್ಯಾವುದಾದ್ರೂ ಟೂರ್ನಿ ಇದೆಯಾ?” ಎಂದರು. “ಯಾವ ಆಟ ಆದ್ರೂ ಪರವಾಗಿಲ್ಲ.”