ಅಡುಗೆಮನೆಯ ಸಂದು

ಗೋಡೆ ಸಂದಿಗೆ ಸೀಲೆಂಟ್, ಅಂದರೆ ಒಣಗಿದರೆ ರಬ್ಬರಿನಂತಾಗುವ ಅಂಟು, ಹಚ್ಚುವುದು ಆಗ ನನ್ನ ಕೆಲಸ. ಶ್ರೀರಾಂಪುರದಲ್ಲಿ ಅಣ್ಣತಮ್ಮಂದಿರು ಭಾಗವಾಗಿ, ಇದ್ದೊಂದು ಮನೆಗೆ ನಡುಗೋಡೆ ಎಬ್ಬಿಸಿದ್ದರು. ಅಡುಗೆಮನೆಯಲ್ಲಿ ಮಾತ್ರ ಹಳೆ ಗೋಡೆಗೆ ಅದು ಕೂಡಿರಲಿಲ್ಲ, ಬೆರಳು ತೂರುವಷ್ಟು ಸಂದು.

"ಆ ಕಡೆ ಮಾತು ಈ ಕಡೆ ಬರಬಾರ್ದು. ಗಟ್ಟಿ ಇರೋದೇ ಹಚ್ರಿ" ಎಂದು ಹೇಳಿ ಅಣ್ಣ ಹೊಲಕ್ಕೆ ಹೋದರು.

ಅವರ ಹೆಂಡತಿ ಟೀ ಕೊಡುತ್ತಾ ಮೆಲ್ಲಗೆ ಕೇಳಿದರು. "ಬೇಗ ಕಿತ್ಕಂಡು ಬರೋದು ಯಾವ್ದೈತೆ?"

"ಯಾಕಮ್ಮಾ?"

"ಇವ್ರಿಬ್ರೂ ಮಾತು ಬಿಟ್ಟವ್ರೆ. ನಾನೂ ನನ್ನ ವಾರಗಿತ್ತೀನೂ ಬಿಟ್ಟಿಲ್ಲ."

ಧೂಳು ಒರೆಸದಿದ್ದರೆ ಸೀಲೆಂಟ್ ಕಚ್ಚಿಕೊಳ್ಳುವುದಿಲ್ಲ. ಅಣ್ಣ ಹೇಳಿದ ಗಟ್ಟಿಯದನ್ನೇ ಹಚ್ಚಿದೆ, ಧೂಳು ಮಾತ್ರ ಒರೆಸಲಿಲ್ಲ. "ಎಳೆದ್ರೆ ಸಿಪ್ಪೆ ಹಂಗೆ ಬರ್ತೈತೆ" ಎಂದೆ.

ಮುಚ್ಚಲು ಇನ್ನೂ ಉಳಿದಿದ್ದ ಗೇಣುದ್ದ ಸಂದಿನಾಚೆಯಿಂದ ಇನ್ನೊಂದು ಹೆಣ್ಣುದನಿ ಬಂತು. "ಅವ್ರಿಗೆ ಮುದ್ದೆ ಇಕ್ಕಿ ಕಳ್ಸಕ್ಕಾ."

ಅಷ್ಟು ಕೆಟ್ಟ ಕೆಲಸಕ್ಕೆ ಅಷ್ಟು ಒಳ್ಳೆ ಊಟ ಮತ್ತೆಲ್ಲೂ ಸಿಗಲಿಲ್ಲ.