ಸೂರ್ಯನ ಕಲೆ ಬರೆಯುವ ಫುಮಿಯೆ

ಇಸೋಜಿಮಾ ದ್ವೀಪದಲ್ಲಿ ಇನ್ನೂ ನಸುಕು. ಬಂಗುಡೆ ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಒಣಗಲು ಹರಡಿದ ಕೈಗಳನ್ನು ಕುವಾಬಾರಾ ಫುಮಿಯೆ ಎರಡೆರಡು ಸಲ ತೊಳೆಯುತ್ತಾರೆ. ಕಾಗದಕ್ಕೆ ಮೀನಿನ ಜಿಡ್ಡು ತಾಗಬಾರದು. ಏಣಿ ಹತ್ತಿ ತಾರಸಿ ಸೇರುವ ಹೊತ್ತಿಗೆ, ಈ ತಿಂಗಳುಗಳಲ್ಲಿ, ಮೂಡಣದಲ್ಲಿ ಶುಕ್ರಗ್ರಹವೊಂದೇ ಉಳಿದಿರುತ್ತದೆ. ಎಲ್ಲಿದೆಯೆಂದು ಬಲ್ಲವರಿಗೆ ಅದು ಹೊತ್ತೇರಿದ ಮೇಲೂ ಕಾಣುತ್ತದೆ, ಸುಣ್ಣದ ಚುಕ್ಕೆಯಷ್ಟು. ಸೂರ್ಯ ಕಡಲಿನಿಂದ ಮೇಲೇರುತ್ತಲೇ ಹಳೆಯ ದೂರದರ್ಶಕವನ್ನು ಅತ್ತ ತಿರುಗಿಸುತ್ತಾರೆ. ಅದರ ಹಿಂದೆ ಹಿಡಿದ ಬಿಳಿ ಕಾಗದದ ಮೇಲೆ ಅಂಗೈಯಗಲದ ಸೂರ್ಯ ಬಂದು ಕೂರುತ್ತಾನೆ. ಅವನ ಮೈಮೇಲಿನ ಕಪ್ಪು ಕಲೆಗಳನ್ನು ಫುಮಿಯೆ ಒಂದೊಂದಾಗಿ ಪೆನ್ಸಿಲ್‌ನಲ್ಲಿ ಗುರುತಿಸುತ್ತಾರೆ.

ಎಪ್ಪತ್ತೊಂದರ ಈ ಮೀನು ಒಣಗಿಸುವ ಹೆಂಗಸು ಮೂವತ್ತಮೂರು ವರ್ಷಗಳಲ್ಲಿ ಬರೆದ ಸೂರ್ಯರ ಸಂಖ್ಯೆ ಏಳು ಸಾವಿರದ ಒಂಬೈನೂರು ದಾಟಿದೆ. ಮೋಡದ ದಿನಗಳಲ್ಲಿ ‘ಮೋಡ’ ಎಂದಷ್ಟೇ ಬರೆದಿಡುತ್ತಾರೆ.

ದೂರದರ್ಶಕ ಮಗಳು ನಾಗಿಸಾಳದು. ಹದಿಮೂರರ ಹುಡುಗಿ ಶಾಲೆಗಾಗಿ ಈ ಕೆಲಸ ಹಿಡಿದ ಎರಡೇ ತಿಂಗಳಿಗೆ ರಕ್ತದ ಕಾಯಿಲೆಗೆ ತುತ್ತಾದಳು. ಆಚೆ ದಡದ ಆಸ್ಪತ್ರೆಯಲ್ಲಿ ಅವಳ ಕಿಟಕಿ ಉತ್ತರಕ್ಕಿತ್ತು, ಸೂರ್ಯ ಕಾಣುತ್ತಿರಲಿಲ್ಲ. ಲೆಕ್ಕ ತಪ್ಪಬಾರದೆಂದು ಅಮ್ಮನಿಂದಲೇ ಬರೆಸಿದಳು.

“ನಂಗೇನು ಗೊತ್ತಿತ್ತು? ಮೀನು ಒಣಗುತ್ತೋ ಇಲ್ವೋ ಅಂತ ಸೂರ್ಯನ್ನ ನೋಡ್ತಿದ್ದವಳು ನಾನು. ಮೊದಲ ಚಿತ್ರ ನೋಡಿ, ಇದೇನಮ್ಮಾ, ಸೂರ್ಯನೋ ಎಳ್ಳು ಹಾಕಿದ ಅಕ್ಕಿ ಹಪ್ಪಳನೋ ಅಂತ ನಕ್ಕುಬಿಟ್ಳು.”

ದಿನವೂ ಮೀನಿನ ಕೆಲಸ ಮುಗಿಸಿ, ಚಿತ್ರ ಬರೆದು, ದೋಣಿ ಹತ್ತುತ್ತಿದ್ದರು. ಹಾಗೆ ಹದಿನಾಲ್ಕು ತಿಂಗಳು. ಮಗಳ ಅಂತ್ಯಸಂಸ್ಕಾರದ ಬೆಳಗ್ಗೆ ಫುಮಿಯೆ ತಾರಸಿ ಏರಿದ್ದನ್ನು ಕಂಡು ನೆಂಟರು ಪಿಸುಗುಟ್ಟಿದರು, ಪಾಪ, ತಲೆ ಕೆಟ್ಟಿದೆ ಎಂದು.

“ಅವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಏಳು ಕಲೆ ಇದ್ವು. ಹೇಳೋಣ ಅಂದ್ರೆ ಯಾರೂ ಇರ್ಲಿಲ್ಲ.”

ಆಮೇಲೆ ಕೇಳುವವರು ಸಿಕ್ಕರು. ಚಿತ್ರಗಳ ಸುದ್ದಿ ತಿಳಿದ ಹೊಂಜೋ ಎಂಬ ಸಂಶೋಧಕರು ತಿಂಗಳಿಗೊಮ್ಮೆ ಅವನ್ನು ತರಿಸಿಕೊಳ್ಳತೊಡಗಿದರು. ಇಪ್ಪತ್ತು ವರ್ಷ ಒಂದೂ ತಕರಾರಿರಲಿಲ್ಲ. ಕಳೆದ ಶರತ್ಕಾಲದಲ್ಲಿ ಫೋನ್ ಮಾಡಿದರು. ಒಂಬತ್ತನೇ ತಾರೀಕು ಸೂರ್ಯನ ನಡುವೆ ಗುರುತಿಸಿದ ಕಲೆ ಬೇರೆ ಯಾರಿಗೂ ಕಂಡಿಲ್ಲ, ಇನ್ನೊಮ್ಮೆ ನೋಡುತ್ತೀರಾ ಎಂದು ಮೆತ್ತಗೆ ಕೇಳಿದರು.

ಒಂಬತ್ತರ ನಂತರ ಮೋಡವೇ ಕವಿದಿತ್ತು; ಫೋನ್ ಬಂದ ಮರುದಿನ ಬಿಸಿಲು ಬಿತ್ತು, ಆಗಲೂ ಆ ಕಲೆ ಇತ್ತು. ಅನುಮಾನ ಬಂದು ಫುಮಿಯೆ ಪಕ್ಕದ ಬಿಳಿ ಗೋಡೆಯನ್ನು ನೋಡಿದರು. ಅಲ್ಲಿಯೂ ಇತ್ತು. ಬಲಗಣ್ಣು ಮುಚ್ಚಿದರು, ಹೋಯಿತು.

ಬಲಗಣ್ಣಿನ ಹಿಂಭಾಗದ ಅಕ್ಷಿಪಟಲ ಸವೆದಿದೆ, ಎಡಗಣ್ಣಿಗೂ ಬರಬಹುದು ಎಂದರು ವೈದ್ಯರು. ಅಂದು ಮನೆಗೆ ಬಂದ ಫುಮಿಯೆ ಅನ್ನ ಬಡಿಸಿಕೊಂಡು ಉಣ್ಣಲಾರದೆ ಕೂತಿದ್ದರು. ಆಮೇಲೆ ಒಂಬತ್ತನೇ ತಾರೀಕಿನ ಹಾಳೆಯ ಪ್ರತಿಯನ್ನು ತೆಗೆದು, ಏನನ್ನೂ ಅಳಿಸದೆ, ಪಕ್ಕದಲ್ಲಿ ಬರೆದರು: ‘ಈ ಕಲೆ ಸೂರ್ಯನದಲ್ಲ, ನನ್ನ ಕಣ್ಣಿನದು.’ ಹೊಂಜೋ ಅವರಿಗೂ ಹಾಗೆಯೇ ಬರೆದು ಕಳಿಸಿದರು.

ಈಗ ಎಡಗಣ್ಣೊಂದರಲ್ಲೇ ಕೆಲಸ. ಹತ್ತು ನಿಮಿಷದ ಚಿತ್ರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಎಲ್ಲಿಯವರೆಗೆ ಎಂದು ಕೇಳಿದರೆ ಪೆನ್ಸಿಲ್ ಕೆತ್ತುತ್ತಲೇ ಹೇಳುತ್ತಾರೆ:

“ಕಾಣೋವರೆಗೆ. ಅಷ್ಟು ವರ್ಷದಲ್ಲಿ ಇಲ್ಲದ್ದನ್ನ ಬರೆದಿದ್ದು ಒಂದೇ ಸಲ. ಅದನ್ನೂ ಮುಚ್ಚಿಡ್ಲಿಲ್ಲ, ನೋಡಿ.”